ಕಾಲಿನ ‘ನರ’ ಉಬ್ಬಿದಾಗ ಯಾವ ವೈದ್ಯರ ಬಳಿ ಹೋಗಬೇಕು?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ ಕಡೆಯ ಗದ್ದೆಗಳಲ್ಲಿ ನಾಟಿಯ ಭರಾಟೆ ಹೇಗಿರುತ್ತದೆಂಬುದು ರೈತ ಬಾಂಧವರಿಗೆ ತಿಳಿದೇ ಇದೆ. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನಿಂತ ಕಾಲು ರಾತ್ರಿ ಮನೆಗೆ ಬರುವಷ್ಟರಲ್ಲಿ ಕಲ್ಲಿನಂತೆ ಭಾರವಾಗಿರುತ್ತದೆ. ಅಕ್ಕಿ ಗಿರಣಿಯ ಹಮಾಲರು, ಹೋಟೆಲಿನ ಭಟ್ಟರು, ಬಸ್ ಕಂಡಕ್ಟರು, ಕುಷ್ಟಗಿ ಕಡೆ ಬೀಜೋತ್ಪಾದನೆಯ ತಾಕುಗಳಲ್ಲಿ ದಿನವಿಡೀ ನಿಂತು ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳು, ಎಲ್ಲರ ದೂರೂ ಒಂದೇ. ಇವರಲ್ಲಿ ಕೆಲವರಿಗೆ ಬರಿಯ ದಣಿವು. ರಾತ್ರಿ ಮಲಗಿ ಎದ್ದರೆ ಹೋಗುತ್ತದೆ. ಇನ್ನು ಕೆಲವರಿಗೆ ಮೀನಖಂಡದ ಮೇಲೆ ಹಸಿರು ನೀಲಿ ಬಣ್ಣದ ನಾಳಗಳು ಹೊಸೆದ ಹಗ್ಗದಂತೆ ಉಬ್ಬಿ ನಿಲ್ಲುತ್ತವೆ. ಅದು ಮಲಗಿದರೆ ಹೋಗುವ ದಣಿವಲ್ಲ.

ಕೃಷಿ ಪುಟದಲ್ಲಿ ಕಾಲಿನ ಕಾಯಿಲೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರನ್ನು ಕರೆತರುವ ನಾವು ನಮ್ಮದೇ ಕಾಲು ಕುಂಟಿದಾಗ ವರ್ಷಗಟ್ಟಲೆ ಸುಮ್ಮನಿರುತ್ತೇವೆ. ಸುಮ್ಮನಿರದೆ ಹೊರಟವರೂ ತಪ್ಪು ಬಾಗಿಲು ತಟ್ಟಿ ಹಣ ಕಳೆದುಕೊಳ್ಳುತ್ತಾರೆ. ಈ ಲೇಖನ ಮುಖ್ಯವಾಗಿ ಆ ಎರಡನೆಯವರಿಗಾಗಿ.

ಮಣ್ಣಿನ ಮಾದರಿ ತೆಗೆಯಲೆಂದು ಕಾರಟಗಿ ಸಮೀಪದ ಒಂದು ಊರಿಗೆ ಹೋಗಿದ್ದಾಗ ಐವತ್ತೈದರ ಆಸುಪಾಸಿನ ರೈತರೊಬ್ಬರು ಬದುವಿನ ಮೇಲೆ ಕುಳಿತಿದ್ದರು. ಎಡಗಾಲಿನ ಹರಡಿನ ಮೇಲೆ ಹಳೆಯ ಪಂಚೆಯ ತುಂಡು ಸುತ್ತಿತ್ತು. ಬಟ್ಟೆ ಹಸಿಯಾಗಿತ್ತು, ನೊಣ ಮುತ್ತುತ್ತಿದ್ದವು. “ಏನಾಗೇತ್ರೀ ಯಜಮಾನ್ರ?” ಎಂದು ಕೇಳಿದೆ.

“ನರದ ಹುಣ್ಣು ಸಾಹೇಬ್ರ. ಮೂರು ವರ್ಷ ಆತು, ಮಾಯವಲ್ದು.”

ಬಟ್ಟೆ ಬಿಚ್ಚಿ ತೋರಿಸಿದರು. ಒಳಹರಡಿನ ಮೇಲೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಹುಣ್ಣು. ಸುತ್ತ ಚರ್ಮ ಕಪ್ಪಿಟ್ಟು ತೊಗಲಿನಂತೆ ಗಟ್ಟಿಯಾಗಿತ್ತು. ಮೇಲೆ ತೊಡೆಯವರೆಗೂ ಉಬ್ಬಿದ ನಾಳಗಳು. ಈ ಮೂರು ವರ್ಷದಲ್ಲಿ ಅವರು ಏನೇನು ಮಾಡಿದ್ದಾರೆಂದು ಕೇಳಿದಾಗ ಹೇಳಿದ ಪಟ್ಟಿ ದೊಡ್ಡದು. ಊರಿನ ಆರ್‌ಎಂಪಿಯಿಂದ ನರಕ್ಕೆ ಬಲ ಬರುವ ಇಂಜೆಕ್ಷನ್ನು. ಒಬ್ಬ ಮೂಳೆ ವೈದ್ಯರಲ್ಲಿ ಎಕ್ಸ್‌ರೇ. ಚರ್ಮಕ್ಕೆ ಮುಲಾಮು. ಸಂತೆಯಲ್ಲಿ ಮಾರುವ ಎಣ್ಣೆ. ಯಾರೋ ಹೇಳಿದರೆಂದು ಸೊಪ್ಪು ಅರೆದು ಕಟ್ಟಿದ್ದು. “ಒಂದು ಎಮ್ಮಿ ಮಾರೀನ್ರಿ ಇದಕ್ಕ,” ಎಂದರು. ಇಷ್ಟು ಮಂದಿಯಲ್ಲಿ ನಿಮ್ಮನ್ನು ನಿಲ್ಲಿಸಿ ಪೂರ್ತಿ ಕಾಲು ನೋಡಿದವರು ಯಾರಾದರೂ ಇದ್ದಾರೆಯೇ ಎಂದರೆ, ಸ್ವಲ್ಪ ಯೋಚಿಸಿ, “ಇಲ್ರಿ. ಹುಣ್ಣಷ್ಟ ನೋಡ್ಯಾರ,” ಎಂದರು.

ಹೆಸರೇ ದಾರಿ ತಪ್ಪಿಸುತ್ತದೆ

ನಮ್ಮ ಕಡೆ ನರವೆಂದರೆ ಎಲ್ಲವೂ ನರವೇ. ರಕ್ತ ಹರಿಯುವುದೂ ನರ, ಚಳುಕು ಹೊಡೆಯುವುದೂ ನರ, ಮಣಿಕಟ್ಟಿನಲ್ಲಿ ಬಡಿಯುವುದೂ ನರ. ವೈದ್ಯಶಾಸ್ತ್ರದಲ್ಲಿ ಹಾಗಲ್ಲ. ಮಿದುಳಿನ ಸಂದೇಶ ಒಯ್ಯುವ ತಂತು ಮಾತ್ರ ನರ. ಹೃದಯದಿಂದ ರಕ್ತ ಒಯ್ಯುವುದು ಅಪಧಮನಿ. ಮೈಯಿಂದ ಹೃದಯಕ್ಕೆ ರಕ್ತ ವಾಪಸು ತರುವುದು ಅಭಿಧಮನಿ. ಕಾಲಿನಲ್ಲಿ ಉಬ್ಬಿ ಕಾಣುವುದು ಈ ಮೂರನೆಯದು. ಆಸ್ಪತ್ರೆಗಳಲ್ಲಿ ಇದಕ್ಕೆ ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಬಾಯಲ್ಲಿ ಈ ಹೆಸರನ್ನು ಇಟ್ಟುಕೊಂಡಿರುವುದು ಒಳ್ಳೆಯದು. ಏಕೆಂದರೆ ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯಲ್ಲಿ ‘ನರದ ತೊಂದರೆ’ ಎಂದರೆ ನರರೋಗ ತಜ್ಞರ ಕೋಣೆಗೇ ಕಳಿಸುತ್ತಾರೆ. ಅವರು ಪಾರ್ಶ್ವವಾಯು, ಮೂರ್ಛೆರೋಗ ನೋಡುವವರು. ನಿಮ್ಮ ಒಂದು ದಿನ ಅಲ್ಲಿಗೇ ಮುಗಿಯಿತು. ನರಕ್ಕೆ ಬಲ ಕೊಡುವ ಗುಳಿಗೆ, ಇಂಜೆಕ್ಷನ್ನುಗಳಿಂದಲೂ ಈ ನಾಳಗಳಿಗೆ ಯಾವ ಉಪಯೋಗವೂ ಇಲ್ಲ. ಕಾಯಿಲೆ ಇರುವುದು ನರದಲ್ಲಲ್ಲವಷ್ಟೆ.

ಕಾಲಿನೊಳಗಿನ ಗೇಟುಗಳು

ಕಾಲಿನ ರಕ್ತ ಮೇಲಕ್ಕೆ ಏರಬೇಕು. ನೀರು ಏರಿಗೆ ಹತ್ತಬೇಕೆಂದರೆ ಪಂಪು ಬೇಕು. ಇಲ್ಲಿ ಆ ಪಂಪು ಮೀನಖಂಡ. ನಾವು ನಡೆದಾಗಲೆಲ್ಲ ಮೀನಖಂಡ ಹಿಂಡಿದಂತಾಗಿ ರಕ್ತ ಮೇಲಕ್ಕೆ ಹೋಗುತ್ತದೆ. ಹೋದ ರಕ್ತ ಮತ್ತೆ ಕೆಳಗೆ ಇಳಿಯದಂತೆ ಅಭಿಧಮನಿಗಳ ಒಳಗೆ ಅಲ್ಲಲ್ಲಿ ಒಂದೇ ದಿಕ್ಕಿಗೆ ತೆರೆಯುವ ಪುಟ್ಟ ಪುಟ್ಟ ಕವಾಟಗಳಿವೆ.

ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದದ್ದನ್ನು ನಮ್ಮ ಜಿಲ್ಲೆಯ ಯಾವ ರೈತನೂ ಮರೆತಿರಲಾರ. ಮಿಕ್ಕ 32 ಗೇಟು ಗಟ್ಟಿಯಿದ್ದರೂ ಒಂದು ಹೋದದ್ದಕ್ಕೆ ನೀರು ಹೊಳೆಯ ಪಾಲಾಯಿತು. ಕಾಲಿನಲ್ಲಿ ಸ್ಥಿತಿ ಇನ್ನೂ ಬಿಗಿ. ಇಲ್ಲಿ ಗೇಟುಗಳು ಪಕ್ಕಪಕ್ಕದಲ್ಲಿಲ್ಲ, ಒಂದರ ಕೆಳಗೊಂದು ಇವೆ. ತೊಡೆಸಂದಿಯ ಹತ್ತಿರದ ಕವಾಟ ಸೋತರೆ ಅದರ ಮೇಲಿನ ಭಾರವೆಲ್ಲ ಕೆಳಗಿನ ಕವಾಟಕ್ಕೆ ಬೀಳುತ್ತದೆ. ಅದೂ ಸೋಲುತ್ತದೆ, ಆಮೇಲೆ ಅದರ ಕೆಳಗಿನದು. ಹೀಗೆ ರಕ್ತ ಕೆಳಗೆ ನಿಂತು ನಾಳ ಹಿಗ್ಗುತ್ತದೆ, ಡೊಂಕಾಗುತ್ತದೆ. ನೀರು ಬಸಿಯದ ಗದ್ದೆಯಲ್ಲಿ ಸವುಳು ಮೇಲೆ ಬರುವಂತೆ, ನಿಂತ ರಕ್ತದ ಒತ್ತಡದಿಂದ ಹರಡಿನ ಸುತ್ತ ಊತ, ತುರಿಕೆ, ಕಪ್ಪು ಬಣ್ಣ, ಕಡೆಗೆ ಸಣ್ಣ ಗೀರು ಬಿದ್ದರೂ ಮಾಯದ ಹುಣ್ಣು ಬರುತ್ತದೆ. ಆದ್ದರಿಂದಲೇ ಹುಣ್ಣಿಗೆ ಎಷ್ಟು ಮುಲಾಮು ಹಚ್ಚಿದರೂ ಸಾಲದು. ಕೆಡುಕು ಇರುವುದು ಮೇಲಿನ ಗೇಟಿನಲ್ಲಿ.

ನಿಂತು ಮಾಡುವ ಕೆಲಸವೊಂದೇ ಇದಕ್ಕೆ ಕಾರಣವೆಂದು ತಿಳಿಯಬಾರದು. ತಂದೆತಾಯಿಗಳಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ವಯಸ್ಸು, ಮೈಭಾರ, ಹೆಂಗಸರಲ್ಲಿ ಹೆರಿಗೆಗಳು ಸೇರಿಕೊಳ್ಳುತ್ತವೆ. ಗರ್ಭಿಣಿಯರಲ್ಲಿ ಕಾಣಿಸಿಕೊಂಡ ಉಬ್ಬು ಎಷ್ಟೋ ಸಲ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುವುದುಂಟು. ಆಗ ಶಸ್ತ್ರಚಿಕಿತ್ಸೆಗೆ ಅವಸರ ಮಾಡುವವರಿಂದ ದೂರವಿರಬೇಕು.

ಎಲ್ಲ ಊತವೂ ಇದಲ್ಲ

ಒಂದೇ ಕಾಲು ಒಂದೆರಡು ದಿನದಲ್ಲಿ ತಟ್ಟನೆ ಊದಿ, ಮೀನಖಂಡ ನೋಯುತ್ತಿದ್ದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅಂಥವರು ಅದೇ ದಿನ ದೊಡ್ಡಾಸ್ಪತ್ರೆ ಸೇರಬೇಕು. ಆ ಕಾಲನ್ನು ತಿಕ್ಕಿಸಬಾರದು, ಎಣ್ಣೆ ಹಚ್ಚಿ ನೀವಿಸಬಾರದು. ಎರಡೂ ಕಾಲು ಸಮನಾಗಿ ಊದಿದರೆ ಹೃದಯ, ಮೂತ್ರಪಿಂಡ, ಪಿತ್ತಜನಕಾಂಗಗಳ ಕಡೆ ಸಂಶಯ ಹೋಗಬೇಕು. ಬೀಡಿ ಸೇದುವವರಿಗೆ ನಾಲ್ಕು ಮಾರು ನಡೆದರೆ ಮೀನಖಂಡ ಹಿಡಿದು ನಿಲ್ಲುವಂತಾಗಿ, ಬೆರಳು ಕಪ್ಪಾಗುತ್ತಿದ್ದರೆ ಅದು ಅಪಧಮನಿಯ ರೋಗ. ಅಲ್ಲಿ ರಕ್ತ ಕೆಳಗೆ ಬರುವುದೇ ಕಷ್ಟ. ಅಂಥ ಕಾಲಿಗೆ ಬಿಗಿ ಪಟ್ಟಿ ಸುತ್ತಿದರೆ ಕಾಲೇ ಹೋದೀತು. ಸಕ್ಕರೆ ಕಾಯಿಲೆಯ ಹುಣ್ಣು ಸಾಮಾನ್ಯವಾಗಿ ಅಂಗಾಲು, ಬೆರಳುಗಳಲ್ಲಿ ಬರುತ್ತದೆ. ಇವನ್ನೆಲ್ಲ ಬೇರ್ಪಡಿಸಿ ಹೇಳಲು ಕಲಿತವರು ಬೇಕು. ಮೆಡಿಕಲ್ ಶಾಪಿನವರು ಕೊಟ್ಟ ಬಿಗಿ ಕಾಲುಚೀಲವನ್ನು ಯಾರನ್ನೂ ಕೇಳದೆ ಹಾಕಿಕೊಳ್ಳಬಾರದೆಂದು ಹೇಳುವುದು ಇದೇ ಕಾರಣಕ್ಕೆ.

ಬೀಜದ ಚೀಟಿ ಓದುವ ಹಾಗೆ

ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಚಿತ್ರ ನೋಡಿ ಮರುಳಾಗಬೇಡಿ, ಚೀಟಿ ನೋಡಿ ಎಂದು ನಮ್ಮ ಇಲಾಖೆಯವರು ಎಷ್ಟು ವರ್ಷದಿಂದ ಹೇಳುತ್ತ ಬಂದಿದ್ದೇವೆ. ತಳಿವರ್ಧಕ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಎಂಬುದು ಈಗ ಹುಡುಗರಿಗೂ ಬಾಯಿಪಾಠ. ಅದೇ ರೈತ ವೈದ್ಯರ ಹೆಸರಿನ ಮುಂದಿನ ನಾಲ್ಕು ಅಕ್ಷರ ಓದದೆ ಒಳಗೆ ಹೋಗಿ ಕಾಲು ಚಾಚುತ್ತಾನೆ.

ಓದಬೇಕಾದ ಅಕ್ಷರಗಳು ಹೆಚ್ಚೇನಿಲ್ಲ. ಎಂ.ಬಿ.ಬಿ.ಎಸ್. ಎಂದರೆ ವೈದ್ಯ ಪದವಿ. ಇವರು ಕಾಯಿಲೆ ಗುರುತಿಸಿ ಸರಿಯಾದ ಕಡೆ ಕಳಿಸಬಲ್ಲರು. ಅದರ ಮೇಲೆ ಎಂ.ಎಸ್. ಜನರಲ್ ಸರ್ಜರಿ ಎಂದಿದ್ದರೆ ಶಸ್ತ್ರಚಿಕಿತ್ಸೆ ಕಲಿತವರು. ಉಬ್ಬಿದ ನಾಳಗಳ ಶಸ್ತ್ರಚಿಕಿತ್ಸೆ ಇವರ ವ್ಯಾಸಂಗದೊಳಗೇ ಬರುತ್ತದೆ. ನಮ್ಮಂಥ ಜಿಲ್ಲೆಗಳಲ್ಲಿ ಹೆಚ್ಚಿನವರಿಗೆ ಮೊದಲ ಬಾಗಿಲು ಇವರದೇ. ಇನ್ನೂ ಮೇಲೆ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ ವ್ಯಾಸ್ಕ್ಯುಲರ್ ಸರ್ಜರಿ ಎಂದಿದ್ದರೆ ಅವರು ರಕ್ತನಾಳಗಳದ್ದೇ ಶಸ್ತ್ರವೈದ್ಯರು. ಹಳೆಯ ಹುಣ್ಣು, ಒಮ್ಮೆ ಮಾಡಿಸಿ ಮತ್ತೆ ಬಂದ ಉಬ್ಬು, ಆಳದ ನಾಳದ ಹೆಪ್ಪು, ಅಪಧಮನಿಯ ತೊಂದರೆ ಜೊತೆಗಿರುವುದು, ಇಂಥ ತೊಡಕಿನವಕ್ಕೆ ಇವರೇ ಬೇಕು. ಸ್ಕ್ಯಾನಿನ ವೈದ್ಯರಲ್ಲಿಯೂ ನಾಳದೊಳಗೆ ತಂತಿ ತೂರಿಸಿ ಚಿಕಿತ್ಸೆ ಮಾಡುವ ತರಬೇತಿ ಪಡೆದ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಎಂಬ ವರ್ಗವಿದೆ, ಅವರೂ ಈ ಕೆಲಸಕ್ಕೆ ಅರ್ಹರೇ. ಮೂಳೆ ವೈದ್ಯರು, ಹೃದ್ರೋಗ ವೈದ್ಯರು ತಮ್ಮ ತಮ್ಮ ವಿಷಯದಲ್ಲಿ ಎಷ್ಟೇ ದೊಡ್ಡವರಾದರೂ ಇದು ಅವರ ಕೆಲಸವಲ್ಲ.

ಎಂ.ಎಸ್. ಎಂಬುದರ ಮುಂದೆ ಏನಿದೆ ಎಂಬುದನ್ನೂ ಓದಬೇಕು. ಆಯುರ್ವೇದದಲ್ಲಿಯೂ ಶಲ್ಯತಂತ್ರದ ಎಂ.ಎಸ್. ಇದೆ. ಅದು ಬೇರೆ ಪದ್ಧತಿ, ಬೇರೆ ತರಬೇತಿ. ಅವರ ಬಳಿ ಹೋಗುವವರು ತಿಳಿದು ಹೋಗಬೇಕೇ ಹೊರತು ಎರಡೂ ಒಂದೇ ಎಂದುಕೊಂಡು ಹೋಗಬಾರದು.

ಅಕ್ಷರ ನಿಜವೋ ಸುಳ್ಳೋ ಎಂದು ನೋಡುವ ದಾರಿಯೂ ಇದೆ. ಕರ್ನಾಟಕದಲ್ಲಿ ವೃತ್ತಿ ಮಾಡುವ ಅಲೋಪತಿ ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಅವರು ಬರೆದುಕೊಡುವ ಚೀಟಿಯ ಮೇಲೆ ಆ ನೋಂದಣಿ ಸಂಖ್ಯೆ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ವೈದ್ಯರ ಹೆಸರು ಹಾಕಿ ಹುಡುಕಿದರೆ ಪದವಿ, ಸಂಖ್ಯೆ ಎರಡೂ ಸಿಗುತ್ತವೆ. ಮನೆಯಲ್ಲಿ ಮೊಬೈಲು ತಿರುಗಿಸುವ ಹುಡುಗನಿದ್ದರೆ ಐದು ನಿಮಿಷದ ಕೆಲಸ. ಖಾಸಗಿ ಆಸ್ಪತ್ರೆಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಆ ಸಂಖ್ಯೆ ಹೊರಗಿನ ಫಲಕದಲ್ಲಿ ಕಾಣುವಂತಿರಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಫಲಕವಿರಬೇಕು ಎಂದು ಸರ್ಕಾರ 2024ರಲ್ಲಿ ಸೂಚಿಸಿದೆ. ಬೀಜದ ಚೀಟಿಯಂತೆ ಇಲ್ಲಿಯೂ ಬಣ್ಣ ಬಂತು ನೋಡಿ! ಅರ್ಹತೆಯಿಲ್ಲದೆ ಚಿಕಿತ್ಸೆ ಕೊಡುವವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ದೂರು ಕೊಡಬೇಕಾದ್ದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ.

ನನ್ನದೇ ಕಾಲಿನ ಮಾತು

ಹೀಗೆಲ್ಲ ಬರೆಯುವ ನಾನೂ ಮೊದಲು ಚೀಟಿ ಓದದೆ ಹೋದವನೇ. ಇಪ್ಪತ್ತು ವರ್ಷ ಹೊಲಗದ್ದೆ ತಿರುಗಿದ ಕಾಲು, ಬಲಗಡೆಯ ಮೀನಖಂಡದಲ್ಲಿ ಗಂಟುಗಂಟಾಗಿ ಉಬ್ಬಿತ್ತು. ದೊಡ್ಡ ಊರೊಂದರಲ್ಲಿ ಲೇಸರ್ ಶಿಬಿರವಿದೆ, ತಪಾಸಣೆ ಉಚಿತ ಎಂಬ ಕರಪತ್ರ ನೋಡಿ ಹೋದೆ. ಬಿಳಿ ಕೋಟು ಹಾಕಿದ ಹುಡುಗನೊಬ್ಬ ಮಂಚದ ಮೇಲೆ ಮಲಗಿಸಿ ಎರಡು ನಿಮಿಷ ಯಂತ್ರ ಆಡಿಸಿ, ಎರಡೂ ಕಾಲು ಕೆಟ್ಟಿವೆ, ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ, ನಾಳೆಯಿಂದ ದರ ಬೇರೆ ಎಂದ. ಚಿಕಿತ್ಸೆ ಮಾಡುವ ವೈದ್ಯರು ಯಾರು ಎಂದರೆ ಹೊರಗಿನಿಂದ ಬರುತ್ತಾರೆ ಎಂದ. ಅವರ ಹೆಸರು ಅವನಿಗೂ ಗೊತ್ತಿರಲಿಲ್ಲ. ಜೇಬಿನಲ್ಲಿ ಅಷ್ಟು ಹಣವಿರಲಿಲ್ಲವಾದ್ದರಿಂದ ವಾಪಸು ಬಂದೆ. ಜಾಣತನದಿಂದ ಬಂದೆನೆಂದು ಹೇಳಿಕೊಳ್ಳಲಾರೆ.

ಆಮೇಲೆ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋದಾಗ ಅಲ್ಲಿನ ವೈದ್ಯರು ಮಾಡಿದ ಮೊದಲ ಕೆಲಸವೆಂದರೆ ಪಂಚೆ ಉಡಿಸಿ ನಿಲ್ಲಿಸಿದ್ದು. ಮುಂದೆ ಹಿಂದೆ ಎರಡೂ ಕಾಲು ನೋಡಿದರು. ನಿಲ್ಲಿಸಿಯೇ ಸ್ಕ್ಯಾನು ಮಾಡಿಸಿದರು. ಎಡಗಾಲಿಗೆ ಏನೂ ಆಗಿರಲಿಲ್ಲ. ಬಲಗಾಲಿನಲ್ಲಿ ಒಂದು ನಾಳ ಸೋರುತ್ತಿತ್ತು. ಇಲ್ಲದ ಕಾಯಿಲೆಗೆ ಒಂದು ಕಾಲನ್ನು ಸುಡಿಸಿಕೊಳ್ಳುವುದು ತಪ್ಪಿತು.

ನಿಲ್ಲಿಸಿ ನೋಡುವ ಪರೀಕ್ಷೆ

ಈ ಸ್ಕ್ಯಾನಿಗೆ ಡಾಪ್ಲರ್ ಎಂದು ಹೆಸರು. ಬಸುರಿಯರಿಗೆ ಮಾಡುವ ಸ್ಕ್ಯಾನಿನ ಜಾತಿಯದೇ. ಸೂಜಿಯಿಲ್ಲ, ನೋವಿಲ್ಲ. ಮೀನಖಂಡ ಹಿಂಡಿ ಬಿಟ್ಟಾಗ ರಕ್ತ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಜಾರುತ್ತದೆಯೇ ಎಂದು ತೆರೆಯ ಮೇಲೆ ಕಾಣುತ್ತದೆ. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಆ ಗೇಟು ಸೋತಿದೆ ಎಂದರ್ಥ. ಮಲಗಿದಾಗ ರಕ್ತದ ಭಾರ ಕವಾಟದ ಮೇಲೆ ಬೀಳುವುದಿಲ್ಲ, ಹಾಗಾಗಿ ಸೋರಿಕೆ ಸರಿಯಾಗಿ ತಿಳಿಯುವುದಿಲ್ಲ. ಕಾಲುವೆಗೆ ನೀರು ಬಿಡದೆ ತೂಬು ಸೋರುತ್ತದೋ ಇಲ್ಲವೋ ಎಂದು ಯಾರಾದರೂ ಹೇಳಬಲ್ಲರೆ? ಎರಡನೆಯದಾಗಿ ಆಳದ ನಾಳ ತೆರೆದಿದೆಯೇ ಎಂಬುದನ್ನು ಈ ಸ್ಕ್ಯಾನು ತೋರಿಸಬೇಕು. ಆಳದ ನಾಳ ಹೆಪ್ಪಿನಿಂದ ಮುಚ್ಚಿದ್ದರೆ ಮೇಲಿನ ಉಬ್ಬಿದ ನಾಳಗಳೇ ರಕ್ತಕ್ಕೆ ದಾರಿಯಾಗಿರಬಹುದು. ಅವನ್ನು ಮುಚ್ಚುವುದು ಅಪಾಯ. ಡಾಪ್ಲರ್ ಇಲ್ಲದೆ ಲೇಸರಿಗಾಗಲಿ, ಇಂಜೆಕ್ಷನ್ನಿಗಾಗಲಿ, ಶಸ್ತ್ರಚಿಕಿತ್ಸೆಗಾಗಲಿ ದಿನ ಗೊತ್ತು ಮಾಡುವವರ ಬಳಿ ಮತ್ತೆ ಹೋಗುವ ಅಗತ್ಯವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಚಿಕಿತ್ಸೆಯ ವಿಧಾನಗಳು ನಾಲ್ಕಾರಿವೆ. ತೊಡೆಯಲ್ಲಿ ನಾಳ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ವೈದ್ಯರು 1890ರ ದಶಕದ ಆರಂಭದಲ್ಲಿಯೇ ವಿವರಿಸಿದ್ದರು. ಕಟ್ಟಿ, ಕೆಟ್ಟ ನಾಳವನ್ನು ಎಳೆದು ತೆಗೆಯುವ ರೂಢಿ ಈಗಲೂ ಇದೆ. 2000ದ ಆಸುಪಾಸಿನಿಂದ ನಾಳದೊಳಗೆ ಸಣ್ಣ ತಂತಿ ತೂರಿಸಿ ಲೇಸರಿನಿಂದಲೋ ರೇಡಿಯೋ ತರಂಗದ ಕಾವಿನಿಂದಲೋ ಒಳಗಿಂದ ಮುಚ್ಚುವ ವಿಧಾನ ಬಳಕೆಗೆ ಬಂತು. ನಾಳದ ಸುತ್ತ ಮರಗಟ್ಟಿಸುವ ಔಷಧಿಯ ದ್ರಾವಣ ತುಂಬಿ ಮಾಡುತ್ತಾರೆ. ಸಾಮಾನ್ಯವಾಗಿ ಅಂದೋ ಮರುದಿನವೋ ಮನೆಗೆ ನಡೆದುಕೊಂಡೇ ಬರಬಹುದು. ಔಷಧಿಯನ್ನು ನೊರೆ ಮಾಡಿ ಚುಚ್ಚಿ ನಾಳ ಮುಚ್ಚುವುದು ಇನ್ನೊಂದು ಬಗೆ. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ 2013ರಲ್ಲಿ ಕಾವಿನ ವಿಧಾನವನ್ನು ಮೊದಲಿಗೂ, ನೊರೆಯನ್ನು ಎರಡನೆಯದಾಗಿಯೂ, ಶಸ್ತ್ರಚಿಕಿತ್ಸೆಯನ್ನು ಮೂರನೆಯದಾಗಿಯೂ ಇಟ್ಟಿತು. ಹಾಗೆಂದು ನಮ್ಮಲ್ಲಿ ಶಸ್ತ್ರಚಿಕಿತ್ಸೆ ಮಾಡುವವರು ಹಿಂದುಳಿದವರೆಂದಲ್ಲ. ಕೈ ಪಳಗಿದ ಸರ್ಜನ್ನರು ಸರಿಯಾಗಿ ಮಾಡಿದ ಹಳೆಯ ಶಸ್ತ್ರಚಿಕಿತ್ಸೆ, ಪಳಗದವರು ಮಾಡಿದ ಲೇಸರಿಗಿಂತ ಮೇಲು. ಲೇಸರ್ ಎಂಬ ಪದಕ್ಕೇ ಹೆಚ್ಚು ಹಣ ಕೊಡಬೇಕಾಗಿಲ್ಲ.

“ನರ ಸುಟ್ಟುಬಿಟ್ರ ರಕ್ತ ಎಲ್ಲಿ ಹೊಕ್ಕೈತ್ರಿ?” ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕಾಲಿನ ರಕ್ತದ ಬಹುಪಾಲು ಹೋಗುವುದು ಆಳದ ದೊಡ್ಡ ನಾಳದಲ್ಲಿ. ಮೇಲೆ ಕಾಣುವುದು ಹೊಲಗಾಲುವೆಯಷ್ಟೆ. ಸೋರುವ ಹೊಲಗಾಲುವೆ ಮುಚ್ಚಿದರೆ ನೀರು ಮುಖ್ಯ ಕಾಲುವೆಯಲ್ಲಿ ಇನ್ನೂ ಸಲೀಸಾಗಿ ಹೋಗುತ್ತದೆ, ಮುಖ್ಯ ಕಾಲುವೆ ಸರಿಯಿದ್ದರೆ.

ವೈದ್ಯರ ಮುಂದೆ ಕುಳಿತಾಗ ಸಂಕೋಚ ಬೇಡ. ಯಾವ ನಾಳ ಸೋರುತ್ತಿದೆ, ಆಳದ ನಾಳ ಸರಿಯಿದೆಯೇ, ಒಂದು ಕಾಲೋ ಎರಡೋ, ಇದೇ ವಿಧಾನ ಏಕೆ, ಮಾಡುವವರು ನೀವೇನಾ, ಇಂಥವು ಎಷ್ಟು ಮಾಡಿದ್ದೀರಿ, ಆಮೇಲೆ ಕಾಲು ಊದಿದರೆ ರಾತ್ರಿ ಯಾರನ್ನು ಕಾಣಬೇಕು, ಒಟ್ಟು ಖರ್ಚೆಷ್ಟು ಎಂದು ಕೇಳಿ. ಖರ್ಚನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲ. ಬೇರೆ ಕವಾಟಗಳು ಸೋತು ಕೆಲವು ವರ್ಷಗಳ ಮೇಲೆ ಮತ್ತೆ ಉಬ್ಬಬಹುದು ಎಂಬುದನ್ನು ಅವರೇ ಮುಂಚಿತವಾಗಿ ಹೇಳುತ್ತಾರೆ. ಜನ್ಮದಲ್ಲಿ ಮತ್ತೆ ಬರದಂತೆ ಮಾಡುತ್ತೇನೆಂದು ಮಾತು ಕೊಡುವವರ ಬಗ್ಗೆ ಎಚ್ಚರವಿರಲಿ. ನೂರಕ್ಕೆ ನೂರು ಮೊಳಕೆ ಗ್ಯಾರಂಟಿ ಎನ್ನುವ ಬೀಜದಂಗಡಿಯವನನ್ನು ನೀವು ನಂಬುವಿರೇನು?

ಎಲ್ಲಿಗೆ ಹೋಗುವುದು, ಹಣವೆಲ್ಲಿಂದ

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಅದರ ಬೋಧಕ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ತೋರಿಸುವುದು ಏಳೂ ತಾಲ್ಲೂಕಿನವರಿಗೆ ಮೊದಲ ಹೆಜ್ಜೆಯಾಗಬಹುದು. ಗಂಗಾವತಿ ಉಪವಿಭಾಗ ಆಸ್ಪತ್ರೆ, ಕುಷ್ಟಗಿ, ಯಲಬುರ್ಗಾ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸಿ ಅಲ್ಲಿಂದ ಚೀಟಿ ಬರೆಸಿಕೊಂಡು ಹೋದರೆ ಇನ್ನೂ ಅನುಕೂಲ. ಹೊರಡುವ ಮುನ್ನ ಡಾಪ್ಲರ್ ಯಾವ ದಿನ ಮಾಡುತ್ತಾರೆಂದು ವಿಚಾರಿಸಿಕೊಂಡರೆ ಒಂದು ಕೂಲಿ ಉಳಿಯುತ್ತದೆ. ತೊಡಕಿನ ಕೇಸುಗಳಿಗೆ ಗಂಗಾವತಿಯವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಜನ ಇನ್ನೂ ವಿಮ್ಸ್ ಎನ್ನುವುದು, ಹತ್ತಿರ. ಕೊಪ್ಪಳ, ಯಲಬುರ್ಗಾ, ಕುಷ್ಟಗಿಯವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಹಳೆಯ ಕಿಮ್ಸ್, ಅನುಕೂಲ. ಕುಷ್ಟಗಿಯಿಂದ ಹುಬ್ಬಳ್ಳಿಗೆ 2025ರ ಮೇ ತಿಂಗಳಲ್ಲಿ ರೈಲು ಆರಂಭವಾಗಿದೆ. ಊದಿದ ಕಾಲಿನವರಿಗೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕಿಂತ ಅದು ಎಷ್ಟೋ ಮೇಲು. ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೇ ಮೀಸಲಾದ ಜೈನ್ ವ್ಯಾಸ್ಕ್ಯುಲರ್ ವಿಜ್ಞಾನ ಸಂಸ್ಥೆ ಇದೆ. ಆದರೆ ಸಾಧಾರಣ ಉಬ್ಬಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ.

ಹಣದ ವಿಷಯ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ನಿಗದಿತ ದರದ ಶೇಕಡ 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. ಇಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಕೊಡುವ ಶಿಫಾರಸು ಪತ್ರ. ಅದನ್ನು ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ. ನೇರವಾಗಿ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಬಿಲ್ಲು ಹಿಡಿದು ಬಂದರೆ ಕಾಸೂ ಹುಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಕಂಡು, ವೆರಿಕೋಸ್ ವೇನ್ಸ್‌ಗೆ ವೈದ್ಯರು ಬರೆದ ವಿಧಾನ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಕೇಳಬೇಕು. ಸಹಕಾರ ಸಂಘದ ಸದಸ್ಯರಿಗೆ 2003ರಿಂದ ನಡೆದು 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆ 2022-23ರಲ್ಲಿ ಮತ್ತೆ ಆರಂಭವಾಗಿದೆ. ಹೆಸರು ನೋಂದಾಯಿಸುವ ಅವಧಿ ಪ್ರತಿವರ್ಷ ಕೆಲವೇ ತಿಂಗಳು. ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿಟ್ಟುಕೊಳ್ಳಿ. ಬಿಲ್ಲು, ಸ್ಕ್ಯಾನಿನ ವರದಿ, ಬಿಡುಗಡೆ ಚೀಟಿ ಎಸೆಯಬೇಡಿ. ಹಣ ಕೊಟ್ಟು ಪಡೆದ ವೈದ್ಯಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪು ಕೊಟ್ಟಿದೆ. ಕಾಗದವಿಲ್ಲದೆ ಯಾವ ನ್ಯಾಯವೂ ಇಲ್ಲ.

ಹುಣ್ಣಿದ್ದವರು ತಡ ಮಾಡಬಾರದು

ಉಬ್ಬು ಮಾತ್ರ ಇದ್ದು ನೋವು, ಊತ, ಚರ್ಮದ ಬಣ್ಣ ಬದಲಾವಣೆ ಏನೂ ಇಲ್ಲದವರು ಅವಸರಪಡಬೇಕಿಲ್ಲ. ಎಡೆ ಸಿಕ್ಕಾಗ ಕಾಲನ್ನು ಎದೆಮಟ್ಟಕ್ಕಿಂತ ಎತ್ತರಕ್ಕಿಟ್ಟು ಮಲಗುವುದು, ಮಂಚದ ಕಾಲ್ದೆಸೆಗೆ ಒಂದೆರಡು ಇಟ್ಟಿಗೆ ಕೊಡುವುದು, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತ ಮೀನಖಂಡಕ್ಕೆ ಕೆಲಸ ಕೊಡುವುದು, ಇಷ್ಟರಿಂದ ಭಾರ ತಗ್ಗುತ್ತದೆ. ವೈದ್ಯರು ಬಿಗಿ ಕಾಲುಚೀಲ ಬರೆದರೆ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿ ರಾತ್ರಿ ತೆಗೆಯಬೇಕು. ಕೆಸರುಗದ್ದೆಯಲ್ಲಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ದಿನವಿಡೀ ಹಾಕಿಕೊಂಡಿರುವುದು ಆಗದ ಮಾತೆಂದು ನಾನೂ ಬಲ್ಲೆ. ವೈದ್ಯರಿಗೆ ಹಾಗೆಂದು ಬಾಯಿಬಿಟ್ಟು ಹೇಳಿ. ಹಾಕಿಕೊಂಡಿದ್ದೇನೆಂದು ಸುಳ್ಳು ಹೇಳಿದರೆ ಅವರ ಲೆಕ್ಕ ತಪ್ಪುತ್ತದೆ.

ಹುಣ್ಣು ಬಂದವರ ಮಾತು ಬೇರೆ. ಇಂಗ್ಲೆಂಡಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪಟ್ಟಿ ಕಟ್ಟುವುದರ ಜೊತೆಗೆ ಸೋರುವ ನಾಳವನ್ನೂ ಬೇಗ ಮುಚ್ಚಿದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯಿತು. ಪಟ್ಟಿ ಮಾತ್ರ ಕಟ್ಟಿ ನಾಳದ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ ಅಷ್ಟಕ್ಕೆ 82 ದಿನ ಹಿಡಿಯಿತು. ಹುಣ್ಣಿಗೆ ಸುಣ್ಣ, ತಂಬಾಕು, ಸೆಲ್ಲಿನ ಪುಡಿ, ಸಗಣಿ ಮುಟ್ಟಿಸಬೇಡಿ. ಧನುರ್ವಾಯುವಿಗೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಹುಣ್ಣಿನ ಕಾಲನ್ನು ಗದ್ದೆಯ ನೀರಿಗೂ ಇಳಿಸಬೇಡಿ.

ಇನ್ನೊಂದು ಸಂಗತಿ ಮನೆಮಂದಿಗೆಲ್ಲ ಗೊತ್ತಿರಬೇಕು. ಉಬ್ಬಿದ ನಾಳಕ್ಕೆ ಮುಳ್ಳೋ ಕುಡಗೋಲೋ ತಾಗಿ ಒಡೆದರೆ ರಕ್ತ ಚಿಲುಮೆಯಂತೆ ಚಿಮ್ಮುತ್ತದೆ. ಗಾಬರಿಯಲ್ಲಿ ಓಡಿ, ಕುರ್ಚಿಯಲ್ಲಿ ಕೂರಿಸಿ, ಮೇಲೆ ಹಗ್ಗ ಬಿಗಿದು ಜೀವ ಕಳೆದುಕೊಂಡವರುಂಟು. ಕೂಡಲೇ ನೆಲದ ಮೇಲೆ ಮಲಗಿಸಿ, ಕಾಲನ್ನು ಮೇಲೆತ್ತಿ, ಒಡೆದ ಜಾಗದ ಮೇಲೆ ಶುದ್ಧ ಬಟ್ಟೆಯ ಮಡಿಕೆಯಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಹಗ್ಗ ಬಿಗಿಯಬಾರದು. ರಕ್ತ ಹಿಡಿತಕ್ಕೆ ಬಂದ ಮೇಲೆ ಕಾಲು ಎತ್ತಿಯೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಫೋನು ಮಾಡುವ ಕೆಲಸ ಬೇರೊಬ್ಬರು ಮಾಡಲಿ, ಒತ್ತಿ ಹಿಡಿದವರು ಕೈ ತೆಗೆಯಬಾರದು.

ಕಾರಟಗಿ ಕಡೆಯ ಆ ರೈತರನ್ನು ಕೊಪ್ಪಳಕ್ಕೆ ಹೋಗಲು ಒಪ್ಪಿಸುವುದಕ್ಕೆ ನನಗೆ ಮೂರು ಸಲ ಹೋಗಬೇಕಾಯಿತು. “ಇನ್ನೊಂದು ಎಮ್ಮಿ ಇಲ್ರೀ ಮಾರಾಕ,” ಎಂಬುದೇ ಅವರ ಉತ್ತರ. ಕೊನೆಗೆ ಅವರ ಮಗಳು ಕಾರ್ಡು, ಆಧಾರು ಕಟ್ಟಿಕೊಂಡು ಹೊರಡಿಸಿದಳು. ನಿಲ್ಲಿಸಿ ಸ್ಕ್ಯಾನು ಮಾಡಿದರು, ಆಳದ ನಾಳ ಸರಿಯಿತ್ತು. ಕಾಲಿಗೆ ಅಪಧಮನಿಯ ರಕ್ತ ಸರಿಯಾಗಿ ಬರುತ್ತಿದೆಯೇ ಎಂದು ನೋಡಿದ ಮೇಲೆಯೇ ಪದರ ಪದರವಾಗಿ ಬಿಗಿ ಪಟ್ಟಿ ಕಟ್ಟಿದರು. ಕೆಲವು ವಾರಗಳ ಮೇಲೆ ನಾಳಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಕಾರ್ಡಿನ ಮೇಲೆ ಆದದ್ದರಿಂದ ಕೈಯಿಂದ ಹೋದದ್ದು ಬಸ್ಸಿನ ಹಣ, ಊಟದ ಹಣ. ಸುಗ್ಗಿಯ ಹೊತ್ತಿಗೆ ಹುಣ್ಣು ಮುಚ್ಚಿ ಅಲ್ಲಿ ತೆಳು ಚರ್ಮ ಬಂದಿತ್ತು. ಕಪ್ಪು ಹಾಗೆಯೇ ಉಳಿದಿದೆ, ಅದು ಹೋಗುವುದಿಲ್ಲವೆಂದು ವೈದ್ಯರು ಹೇಳಿದ್ದಾರಂತೆ. ಮೊನ್ನೆ ರೈತ ಸಂಪರ್ಕ ಕೇಂದ್ರಕ್ಕೆ ಬೀಜಕ್ಕೆಂದು ಬಂದವರು ಚೀಲ ತಿರುಗಿಸಿ ನೀಲಿ ಚೀಟಿ ಓದಿದರು. ಆಮೇಲೆ ಪಂಚೆ ಸ್ವಲ್ಪ ಎತ್ತಿ ಕಾಲು ತೋರಿಸಿ, ತಮ್ಮ ಓಣಿಯಲ್ಲಿ ಇನ್ನಿಬ್ಬರಿಗೆ ಹೀಗೇ ಆಗಿದೆ, ಯಾವ ವಾರ ಹೋಗಬೇಕು ಎಂದು ಕೇಳಿದರು.